ಭಾವ ಕೇಳುವ ಮುಂಚೆ: ಕೊಳ್ಳುವಾಗ, ಮಾರುವಾಗ, ಮಾಲು ತಡೆದಿಡುವಾಗ ನಿರ್ಧಾರ ಮಾಡುವ ಬಗೆ

ಕಲಬುರಗಿಯ ಯಾವುದಾದರೂ ಕಿರಾಣಿ ಅಂಗಡಿಗೆ ಹೋಗಿ ನಿಲ್ಲಿ. ಎರಡು ಚೀಲ ತೊಗರಿ ಬೇಳೆ ಪಕ್ಕಪಕ್ಕದಲ್ಲಿ ಬಾಯಿ ತೆರೆದು ಕೂತಿದ್ದರೆ ಗಿರಾಕಿಯ ಕೈ ಮೊದಲು ಹೋಗುವುದು ಹೊಳೆಯುವ ಬೇಳೆಗೆ. ಆ ಹೊಳಪು ದಾಲ್ ಮಿಲ್ಲಿನಲ್ಲಿ ಎಣ್ಣೆ ಇಲ್ಲವೇ ನೀರು ಸವರಿ, ಉಜ್ಜಿ ತಂದದ್ದು. ಅದರಿಂದ ರುಚಿಯೂ ಹೆಚ್ಚುವುದಿಲ್ಲ, ಸತ್ವವೂ ಹೆಚ್ಚುವುದಿಲ್ಲ. ಆದರೂ ಕೇಳಿದರೆ "ಇದು ಛಲೋ ಅದ ನೋಡ್ರಿ, ಹೊಸಾ ಮಾಲ ಅದ" ಎಂಬ ಉತ್ತರ ಸಿದ್ಧವಿರುತ್ತದೆ. ಕಣ್ಣು ತೀರ್ಮಾನ ಮಾಡಿ ಮುಗಿಸಿರುತ್ತದೆ, ಬುದ್ಧಿ ಆಮೇಲೆ ಬಂದು ಸಹಿ ಹಾಕುತ್ತದೆ.

ಇದು ಓದುಬರಹ ಕಡಿಮೆಯಿದ್ದವರ ದೌರ್ಬಲ್ಯವೇನಲ್ಲ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಹೇಳಿದ್ದೂ ಇದರ ಸುತ್ತಲಿನದೇ: ಮನುಷ್ಯನಿಗೆ ಎಲ್ಲ ಮಾಹಿತಿ ಸಿಗುವುದಿಲ್ಲ, ಸಿಕ್ಕರೂ ಎಲ್ಲವನ್ನೂ ತೂಗಿ ನೋಡುವಷ್ಟು ಹೊತ್ತು ಇರುವುದಿಲ್ಲ. ಆದ್ದರಿಂದ ಅವನು ಎಲ್ಲಕ್ಕಿಂತ ಉತ್ತಮವಾದದ್ದನ್ನು ಹುಡುಕುತ್ತ ಕೂರುವುದಿಲ್ಲ, 'ಇಷ್ಟು ಸಾಕು' ಅನ್ನಿಸಿದ ಕಡೆ ನಿಲ್ಲುತ್ತಾನೆ. ಆ 'ಸಾಕು' ಅನ್ನಿಸುವ ಗೆರೆಯನ್ನು ಯಾರು ಎಳೆಯುತ್ತಾರೆ? ನೀವು ಎಳೆಯದಿದ್ದರೆ ಎದುರಿನವರು ಎಳೆಯುತ್ತಾರೆ. ಕಣ್ಣಿನ ಸ್ವಭಾವ ಬದಲಿಸಲು ಆಗದು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಬದಲಿಸಬಹುದು. ಈ ಮಾರ್ಗದರ್ಶಿಯ ಹೆಚ್ಚಿನ ಹೆಜ್ಜೆಗಳು ಆ ಒಂದು ಕೆಲಸದ ಸುತ್ತಲೇ ಇವೆ.

ಹೆಜ್ಜೆ 1: ನೋಡುವ ಮುಂಚೆ ಮೂರು ಸಾಲು ಬರೆಯಿರಿ

ಮನೆಯಲ್ಲಿ ಕೂತು, ಅಂಗಡಿಗೆ ಹೋಗದೆ, ಮೊಬೈಲಿನಲ್ಲೂ ನೋಡದೆ ಬರೆಯಬೇಕು. ಒಂದು: ಯಾವ ಕೆಲಸ ಆಗಬೇಕು. ಎರಡು: ಹೆಚ್ಚೆಂದರೆ ಎಷ್ಟು ರೊಕ್ಕ. ಮೂರು: ಏನು ಕಂಡರೆ ಬೇಡ ಅಂತ ಎದ್ದು ಬರುತ್ತೇನೆ.

ಮೊದಲ ಸಾಲಿನಲ್ಲಿ ವಸ್ತುವಿನ ಹೆಸರು ಬರೆಯಬೇಡಿ, ಕೆಲಸ ಬರೆಯಿರಿ. 'ಎಸಿ ಬೇಕು' ಎಂದು ಬರೆದರೆ ಎಸಿ ಅಂಗಡಿಗೇ ಹೋಗುತ್ತೀರಿ. 'ಪಶ್ಚಿಮದ ಗೋಡೆ ಕಾಯುವ ಕೋಣೆಯಲ್ಲಿ ಏಪ್ರಿಲ್, ಮೇ ತಿಂಗಳು ಅಪ್ಪ ರಾತ್ರಿ ನಿದ್ದೆ ಮಾಡುವಂತಾಗಬೇಕು' ಎಂದು ಬರೆದರೆ ದಾರಿ ನಾಲ್ಕಾಗುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಆದರೆ ಅದು ಒಣ ಸೆಕೆ. ನೀರು ಆವಿಯಾಗುವಾಗ ಗಾಳಿಯ ಕಾವು ಇಳಿಯುವುದರಿಂದಲೇ ಕೂಲರ್ ತಂಪು ಕೊಡುವುದು. ಗಾಳಿ ಒಣಗಿದಷ್ಟೂ ಅದರ ಕೆಲಸ ಸಲೀಸು. ಹಾಗಾಗಿ ಮಂಗಳೂರಿನಲ್ಲಿ ಸೋಲುವ ಕೂಲರ್ ಕಲಬುರಗಿ, ಯಾದಗಿರಿಯ ಮೇ ತಿಂಗಳಲ್ಲಿ ಗೆಲ್ಲುತ್ತದೆ. ಮಳೆ ಬಿದ್ದು ಗಾಳಿಯಲ್ಲಿ ತೇವ ಏರಿದ ಮೇಲೆ ಅದೇ ಕೂಲರ್ ಕೋಣೆಯನ್ನು ಜಿಗಟು ಮಾಡುತ್ತದೆ. ಯಾವುದು ಬೇಕು ಎನ್ನುವುದು ಆ ಕೋಣೆಯಲ್ಲಿ ಎಷ್ಟು ತಿಂಗಳು ಕಷ್ಟ ಎನ್ನುವುದರ ಮೇಲೆ ನಿಂತಿದೆ. ಅಂಗಡಿಯಲ್ಲಿ ಗೋಡೆ ತುಂಬ ನೇತುಹಾಕಿದ ಎಸಿಗಳ ಕೆಳಗೆ ನಿಂತಾಗ ಈ ಪ್ರಶ್ನೆ ನೆನಪಿಗೆ ಬರುವುದಿಲ್ಲ.

ಮೂರನೇ ಸಾಲನ್ನು ಬಹಳ ಜನ ಬಿಡುತ್ತಾರೆ. ನನ್ನ ಮಟ್ಟಿಗೆ ಮೂರರಲ್ಲಿ ಅದೇ ಮುಖ್ಯ. 'ರಿಪೇರಿಯವರು ಊರಲ್ಲಿ ಇಲ್ಲದಿದ್ದರೆ ಬೇಡ', 'ಇವತ್ತೇ ಅಡ್ವಾನ್ಸ್ ಕೊಡಿ ಅಂದರೆ ಬೇಡ' ಎಂಬಂಥ ಒಂದು ಸಾಲು ಜೇಬಿನಲ್ಲಿದ್ದರೆ, ಚಹಾ ತರಿಸಿ ಕೂರಿಸಿದ ಮಾಲೀಕರ ಮುಂದೆ ಏಳುವುದು ಅಷ್ಟು ಸಂಕೋಚ ಅನ್ನಿಸದು.

ಹೆಜ್ಜೆ 2: ಮೊದಲ ಅಂಕಿ ನಿಮ್ಮದಾಗಿರಲಿ

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1974ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನೆಯಬೇಕು. ಜನರ ಮುಂದೆ ಒಂದು ಅಂಕಿಚಕ್ರ ತಿರುಗಿಸಿದರು. ಅದು 10 ಅಥವಾ 65ಕ್ಕೇ ನಿಲ್ಲುವಂತೆ ಮೊದಲೇ ಮಾಡಿಟ್ಟಿದ್ದರು. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳ ಪಾಲು ಶೇಕಡಾ ಎಷ್ಟು ಎಂದು ಕೇಳಿದರು. 10 ಕಂಡವರ ನಡುವಣ ಅಂದಾಜು 25, 65 ಕಂಡವರದು 45. ಚಕ್ರಕ್ಕೂ ಆಫ್ರಿಕಾಕ್ಕೂ ಏನೂ ಸಂಬಂಧವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಅಂಕಿ ಎಳೆಯಿತು.

ಮದುವೆ ಜವಳಿಗೆ ಸೀರೆ ಅಂಗಡಿಗೆ ಹೋದಾಗ ಮೊದಲು ಹಾಸಿಗೆಯ ಮೇಲೆ ಬೀಳುವ ಸೀರೆ ಯಾವುದು, ಗಮನಿಸಿ. ಹನ್ನೆರಡು ಸಾವಿರದ್ದು. "ತೊಗೊಳ್ಳಬ್ಯಾಡ್ರಿ ಅಕ್ಕಾರ, ಬರೇ ನೋಡ್ರಿ" ಅನ್ನುತ್ತಾರೆ. ಅದನ್ನು ಮಾರುವ ಆಸೆ ಅವರಿಗೂ ಇರಲಿಕ್ಕಿಲ್ಲ. ಅದರ ಕೆಲಸ ಆಗಲೇ ಮುಗಿಯಿತು: ಮೂರು ಸಾವಿರದ ಗೆರೆ ಹಾಕಿಕೊಂಡು ಬಂದವರಿಗೆ ಈಗ ಐದು ಸಾವಿರ ಅಗ್ಗ ಅನ್ನಿಸುತ್ತದೆ. ಪೊಟ್ಟಣದ ಮೇಲೆ ಹೊಡೆದುಹಾಕಿದ ಎಂಆರ್‌ಪಿ, ಪ್ಲಾಟ್ ದಲ್ಲಾಳಿ ಮಾತಿನ ನಡುವೆ ತೂರಿಸುವ "ಆಜೂಬಾಜೂದವ್ರು ಎರಡೂವರಿ ಸಾವಿರಕ್ಕ ಚದರಡಿ ಕೊಟ್ಟಾರ" ಎಂಬ ಸುದ್ದಿ, ಎಲ್ಲ ಇದೇ ಜಾತಿ.

ಮಾಡಬೇಕಾದದ್ದು: ಮೂರು ಕಡೆ ಫೋನಿನಲ್ಲಿ ಭಾವ ಕೇಳಿ ಬರೆದಿಟ್ಟುಕೊಂಡು ಹೋಗಿ. ಎದುರಿನವರು ದೊಡ್ಡ ಅಂಕಿ ಹೇಳಿದರೆ ತಕ್ಷಣ ಅದರಿಂದ ಕೆಳಗೆ ಇಳಿಸುವ ಚೌಕಾಶಿಗೆ ಇಳಿಯಬೇಡಿ. ಇಳಿದರೆ ಮಾತುಕತೆ ನಡೆಯುವುದು ಅವರ ಅಂಗಳದಲ್ಲಿ. "ಅದರಾಗ ಏನೇನ್ ಬರ್ತದ, ಬಿಡಿಸಿ ಹೇಳ್ರಿ" ಎಂದು ಕೇಳಿ, ಬಿಡಿಬಿಡಿಯಾಗಿ ಬರೆದುಕೊಳ್ಳಿ. ಬಳಿಕ ಜೇಬಿನ ಚೀಟಿ ತೆಗೆದು ನಿಮ್ಮ ಅಂಕಿಯಿಂದ ಮಾತು ಶುರುಮಾಡಿ.

ಹೆಜ್ಜೆ 3: ಶೇಕಡಾ ಬಿಡಿ, ರೂಪಾಯಿ ಎಣಿಸಿ

ಅದೇ ಇಬ್ಬರು 1981ರಲ್ಲಿ ಇನ್ನೊಂದು ಪ್ರಶ್ನೆ ಕೇಳಿದ್ದರು. 15 ಡಾಲರಿನ ಕ್ಯಾಲ್ಕುಲೇಟರ್ ಇಪ್ಪತ್ತು ನಿಮಿಷ ದೂರದ ಅಂಗಡಿಯಲ್ಲಿ 10 ಡಾಲರಿಗೆ ಸಿಗುತ್ತದೆ, ಹೋಗುತ್ತೀರಾ? ಶೇ 68 ಮಂದಿ ಹೋಗುತ್ತೇವೆ ಎಂದರು. 125 ಡಾಲರಿನದು 120ಕ್ಕೆ ಸಿಕ್ಕರೆ? ಹೋಗುತ್ತೇವೆ ಎಂದವರು ಶೇ 29. ಎರಡರಲ್ಲೂ ಉಳಿಯುವುದು ಐದೇ ಡಾಲರ್, ಹೋಗಬೇಕಾದ ದೂರವೂ ಅಷ್ಟೇ.

ಸಂತೆಯಲ್ಲಿ ಮೆಂತ್ಯೆ ಪಲ್ಯದ ಕಟ್ಟಿಗೆ ಐದು ರೂಪಾಯಿ ಇಳಿಸಲು ಹತ್ತು ನಿಮಿಷ ಜಗ್ಗುವ ನಾವು, ಬೈಕ್ ಕೊಳ್ಳುವಾಗ 'ಹ್ಯಾಂಡ್ಲಿಂಗ್ ಚಾರ್ಜ್' ಎಂದು ಎರಡು ಸಾವಿರ ಬರೆದಿದ್ದನ್ನು ಕೇಳದೆ ಸಹಿ ಹಾಕುತ್ತೇವೆ. ಲಕ್ಷದ ಪಕ್ಕದಲ್ಲಿ ಎರಡು ಸಾವಿರ ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ ದೊಡ್ಡ ಖರೀದಿಯಲ್ಲೇ ಚೌಕಾಶಿ ಮಾಡಿ. ಸೊಪ್ಪಿನವಳನ್ನು ಬಿಟ್ಟುಬಿಡಿ, ಪುಣ್ಯ ಬರುತ್ತದೆ.

ಕಂತಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಒಂದು ಮೊಬೈಲ್ 24,000 ರೂಪಾಯಿ, 'ಬಡ್ಡಿ ಇಲ್ಲದ' 12 ಕಂತು, ತಿಂಗಳಿಗೆ 2,000 ಎನ್ನೋಣ. ರೊಕ್ಕ ಕೊಟ್ಟು ಒಯ್ದರೆ 1,500 ಕಡಿಮೆ, ಅಂದರೆ 22,500. ಕಂತಿನವರಿಗೆ ಆ ರಿಯಾಯಿತಿ ಇಲ್ಲ, ಮೇಲೆ 500 ರೂಪಾಯಿ ಪ್ರೊಸೆಸಿಂಗ್ ಶುಲ್ಕ. ಹಾಗಾದರೆ 22,500ರಲ್ಲಿ ಆ 500 ಕಳೆದು ನಿಮಗೆ ನಿಜವಾಗಿ ಸಿಕ್ಕ ಸಾಲ 22,000. ತಿರುಗಿ ಕಟ್ಟುವುದು 24,000. ಎರಡು ಸಾವಿರ ತಾನೆ, ಶೇ 9 ಆಯಿತಲ್ಲ ಎನ್ನಬೇಡಿ. ಪ್ರತಿ ತಿಂಗಳೂ ಅಸಲು ಇಳಿಯುತ್ತ ಹೋಗುವುದರಿಂದ ಇದು ವರ್ಷಕ್ಕೆ ಸುಮಾರು ಶೇ 16ರ ಬಡ್ಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಗ್ರಾಹಕರನ್ನು ಸೆಳೆಯುವ ವೇಷ ಎಂಬರ್ಥದ ಮಾತನ್ನು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಈಗ ಇನ್ನೊಂದು ಅನುಕೂಲವಿದೆ: 2024ರ ಅಕ್ಟೋಬರ್‌ನಿಂದ ಸಾಮಾನ್ಯ ಗ್ರಾಹಕರ ಮತ್ತು ಸಣ್ಣ ಉದ್ದಿಮೆಗಳ ಹೊಸ ಸಾಲಗಳಿಗೆ ಎಲ್ಲ ಶುಲ್ಕ ಸೇರಿಸಿ ವಾರ್ಷಿಕ ದರ ತೋರಿಸುವ ಮುಖ್ಯಾಂಶ ಪತ್ರವನ್ನು ಬ್ಯಾಂಕು, ಫೈನಾನ್ಸ್‌ನವರು ಕೊಡಲೇಬೇಕು. ಆ ಹಾಳೆ ಕೇಳಿ ಪಡೆಯಿರಿ. ಅದರಲ್ಲಿ ತಿಂಗಳ ಕಂತನ್ನು ಬೆರಳಿನಿಂದ ಮುಚ್ಚಿ, ವಾರ್ಷಿಕ ದರ ಮತ್ತು ಒಟ್ಟು ಕಟ್ಟುವ ಮೊತ್ತ ಇವೆರಡನ್ನೇ ಓದಿ.

ಹೆಜ್ಜೆ 4: ತೊಗರಿ ಮಾರಬೇಕೋ, ತಡೆದಿಡಬೇಕೋ

ಈ ಭಾಗದಲ್ಲಿ ಇದಕ್ಕಿಂತ ದೊಡ್ಡ ವ್ಯಾಪಾರದ ನಿರ್ಧಾರ ಇನ್ನೊಂದಿಲ್ಲ. ಎಳ್ಳಮವಾಸ್ಯೆಗೆ ಹೊಲದಲ್ಲಿ ಭಜ್ಜಿ, ಸಜ್ಜಿ ಕಡಬು ಉಣ್ಣುವಾಗ ಎದುರಿಗೆ ತೊಗರಿ ನಿಂತಿರುತ್ತದೆ. ಆಗಲೇ ಮಾತು ಶುರು: "ಹ್ವಾದ ವರ್ಷ ಎಷ್ಟಿತ್ತು ಭಾವ?" ಅಲ್ಲಿಗೆ ಹಳೆಯ ವರ್ಷದ ಅತಿ ಹೆಚ್ಚಿನ ಭಾವ ಮನಸ್ಸಿನಲ್ಲಿ ಗೂಟ ಹೊಡೆದು ಕೂರುತ್ತದೆ. ಗಂಜಿನಲ್ಲಿ, ಅಂದರೆ ಕಾಳಿನ ಸಗಟು ಮಾರುಕಟ್ಟೆಯಲ್ಲಿ, ಇವತ್ತಿನ ಧಾರಣೆ ಅದಕ್ಕಿಂತ ಐನೂರು ಕಡಿಮೆ ಇದ್ದರೆ, ಖರ್ಚು ಕಳೆದು ಲಾಭವೇ ಇದ್ದರೂ ಅದು ಲುಕ್ಸಾನು ಅನ್ನಿಸುತ್ತದೆ.

ಕಾಹ್ನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ಮುಂದಿಟ್ಟ ಸಿದ್ಧಾಂತದ ತಿರುಳು ಇದೇ. ಮನುಷ್ಯ ಲಾಭ, ನಷ್ಟವನ್ನು ಅಳೆಯುವುದು ತನ್ನ ಒಟ್ಟು ಆಸ್ತಿಯ ಲೆಕ್ಕದಲ್ಲಿ ಅಲ್ಲ, ಮನಸ್ಸಿನಲ್ಲಿ ನೆಟ್ಟುಕೊಂಡ ಒಂದು ಗುರುತಿನಿಂದ. ಆ ಗುರುತಿನ ಕೆಳಗೆ ಜಾರುವ ನೋವು, ಅಷ್ಟೇ ಮೇಲೇರುವ ಸಂತೋಷಕ್ಕಿಂತ ಹೆಚ್ಚು, ಆಮೇಲಿನ ಅಳತೆಗಳಲ್ಲಿ ಸುಮಾರು ಎರಡು ಪಟ್ಟು. ನೋವು ತಪ್ಪಿಸಿಕೊಳ್ಳಲು ಜನ ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ. ಭಾವ ಇಳಿಯುತ್ತಿರುವಾಗಲೇ ಚೀಲ ಮನೆಯಲ್ಲಿಟ್ಟು 'ನೋಡೋಣ' ಅನ್ನುವುದು ಇದಕ್ಕೇ.

ಜತೆಗೆ ಎರಡನೆಯ ಗಂಟು: ತನ್ನ ಕೈಯಲ್ಲಿರುವ ಮಾಲಿಗೆ ಮನುಷ್ಯ ಹೆಚ್ಚು ಬೆಲೆ ಕಟ್ಟುತ್ತಾನೆ. ಕಾಫಿ ಮಗ್ಗು ಹಂಚಿ ಮಾಡಿದ 1990ರ ಹೆಸರಾಂತ ಪ್ರಯೋಗದಲ್ಲಿ, ಮಗ್ಗು ಸಿಕ್ಕವರು ಮಾರಲು ಕೇಳಿದ ಬೆಲೆ, ಸಿಗದವರು ಕೊಳ್ಳಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟಿತ್ತು. ಮಗ್ಗಿಗೇ ಹೀಗಾದರೆ, ಆರು ತಿಂಗಳು ಬೆವರು ಸುರಿಸಿ ಬೆಳೆದ ತೊಗರಿಗೆ ಹೇಗಿರಬೇಡ.

ಬಿಡಿಸಿಕೊಳ್ಳುವ ದಾರಿ ಹೀಗೆ.

ಮೊದಲು ಪ್ರಶ್ನೆಯನ್ನು ತಿರುಗಿಸಿ. 'ಇವತ್ತು ಮಾರಲೇ?' ಎಂದು ಕೇಳಬೇಡಿ. 'ನನ್ನ ಹತ್ತಿರ ತೊಗರಿಯೇ ಇಲ್ಲ, ಅಷ್ಟೇ ಮೊತ್ತದ ನಗದು ಇದೆ. ಇವತ್ತಿನ ಭಾವಕ್ಕೆ ಗಂಜಿನಿಂದ ತೊಗರಿ ಕೊಂಡು ಮನೆಯಲ್ಲಿ ಇಡುತ್ತೇನೆಯೇ?' ಎಂದು ಕೇಳಿ. ಇಲ್ಲ ಅನ್ನುವುದಾದರೆ ತಡೆದಿಡಲು ನಿಮ್ಮ ಬಳಿ ಕಾರಣವಿಲ್ಲ, ಮಮತೆ ಇದೆ ಅಷ್ಟೇ.

ಆಮೇಲೆ ತಡೆದಿಡುವ ಖರ್ಚು ಬರೆಯಿರಿ. 20 ಕ್ವಿಂಟಲ್, ಇವತ್ತಿನ ಭಾವ 7,500 ಎನ್ನೋಣ. ಒಟ್ಟು 1,50,000. ಅಷ್ಟೇ ಸಾಲ ನೂರಕ್ಕೆ ಎರಡರಂತೆ ತಿಂಗಳ ಬಡ್ಡಿಗೆ ತಲೆ ಮೇಲಿದ್ದರೆ ನಾಲ್ಕು ತಿಂಗಳಿಗೆ 12,000. ಗೋದಾಮು ಬಾಡಿಗೆ, ಹಮಾಲಿ 2,000. ಒಣಗಿ, ಹುಳ ಹಿಡಿದು ನೂರಕ್ಕೆ ಎರಡು ತೂಕ ಹೋದರೆ ಉಳಿಯುವುದು 19.6 ಕ್ವಿಂಟಲ್. ಮಾಲಿನ ಬೆಲೆ, ಬಡ್ಡಿ, ಬಾಡಿಗೆ ಎಲ್ಲ ಸೇರಿ ಆದ 1,64,000ವನ್ನು 19.6ರಿಂದ ಭಾಗಿಸಿ: ಸುಮಾರು 8,370. ಅಂದರೆ ನಾಲ್ಕು ತಿಂಗಳ ನಂತರ ಭಾವ 8,370 ಆದರೆ ಇವತ್ತು ಮಾರಿದ್ದಕ್ಕೆ ಸಮ, ಲಾಭವಿಲ್ಲ. ಇಲ್ಲಿ ನಿಮ್ಮದೇ ಅಂಕಿ ಹಾಕಿಕೊಳ್ಳಿ. ಸಾಲವೇ ಇಲ್ಲದವರಿಗೆ ಈ ಗೆರೆ ಕೆಳಗಿರುತ್ತದೆ, ಆದ್ದರಿಂದ ಪಕ್ಕದ ಹೊಲದವರು ತಡೆದಿಟ್ಟರು ಎಂದು ನೀವೂ ತಡೆದಿಡುವುದು ಲೆಕ್ಕವಲ್ಲ.

ಮೂರನೆಯದು, ಊರಿನ ಸುದ್ದಿಯ ಹೊರಗೆ ನೋಡಿ. 'ಈ ಸಲ ನಮ್ಮ ಕಡೆ ನೆಟೆ ರೋಗ ಬಂದಾದ, ಭಾವ ಏರೇ ಏರ್ತದ' ಎಂಬ ಮಾತು ಪ್ರತಿ ವರ್ಷ ಕೇಳುತ್ತೇವೆ. ಕಣ್ಣೆದುರಿಗೆ ಒಣಗಿದ ಗಿಡ ಮನಸ್ಸಿಗೆ ಬೇಗ ಬರುತ್ತದೆ. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾದಿಂದ ಬಂದರಿಗೆ ಇಳಿಯುವ ತೊಗರಿ ಕಣ್ಣಿಗೆ ಬೀಳುವುದಿಲ್ಲ. ಮಹಾರಾಷ್ಟ್ರದ ಬೆಳೆ, ಕೇಂದ್ರದ ಆಮದು ನೀತಿ, ಬೆಂಬಲ ಬೆಲೆ ಇವನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ತೊಗರಿಯ ಬೆಂಬಲ ಬೆಲೆ 2024–25ಕ್ಕೆ ಕ್ವಿಂಟಲಿಗೆ 7,550 ಇತ್ತು, 2025–26ಕ್ಕೆ 8,000. ಹಳೆಯ ವರ್ಷದ ಅತಿ ಹೆಚ್ಚಿನ ಭಾವಕ್ಕಿಂತ ಈ ಅಂಕಿ ಎಷ್ಟೋ ಒಳ್ಳೆಯ ಗುರುತು. ಆದರೆ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ಎಷ್ಟು ಕ್ವಿಂಟಲ್ ಕೊಳ್ಳುತ್ತದೆ, ರೊಕ್ಕ ಯಾವಾಗ ಖಾತೆಗೆ ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೆ, ಒಂದೇ ದಿನ ಎಲ್ಲ ಮಾರುವ ಅಥವಾ ಎಲ್ಲ ಇಡುವ ಹಟ ಬಿಡಿ. ಸಾಲ ತೀರುವಷ್ಟು ಸುಗ್ಗಿಯಲ್ಲೇ ಮಾರಿ. ಉಳಿದದ್ದಕ್ಕೆ ಒಂದು ಭಾವ, ಒಂದು ತಾರೀಖು ಬರೆದು ಗೋಡೆಗೆ ಅಂಟಿಸಿ: ಆ ಭಾವ ಬಂದರೆ ಮಾರುವುದು, ಬರದಿದ್ದರೆ ಆ ತಾರೀಖಿಗೆ ಮಾರುವುದು. ತುರ್ತಿಗೆ ರೊಕ್ಕ ಬೇಕು, ಮಾಲು ಈಗಲೇ ಬಿಡುವ ಮನಸ್ಸಿಲ್ಲ ಎನ್ನುವವರು ಸರ್ಕಾರದಲ್ಲಿ ನೋಂದಾಯಿತ ಗೋದಾಮಿನ ವಿದ್ಯುನ್ಮಾನ ರಸೀದಿಯ ಮೇಲೆ ಬ್ಯಾಂಕ್ ಸಾಲ ಕೇಳಬಹುದು. ಖಾಸಗಿ ಬಡ್ಡಿಗೆ ಹೋಲಿಸಿದರೆ ಅಲ್ಲಿ 8,370 ಎಂಬ ಗೆರೆ ತಾನಾಗಿ ಕೆಳಗಿಳಿಯುತ್ತದೆ.

ದಾಲ್ ಮಿಲ್ಲಿನವರಿಗೂ ಇದೇ ಲೆಕ್ಕ, ಇನ್ನೊಂದು ತೊಡಕಿನೊಂದಿಗೆ. 100 ಕೆಜಿ ತೊಗರಿ ಒಡೆದರೆ ಸುಮಾರು 70ರಿಂದ 75 ಕೆಜಿ ಬೇಳೆ ಬರುತ್ತದೆ. ತೊಗರಿಯ ಭಾವ ನೋಡಿ ಕೊಳ್ಳುವ ಮಿಲ್ಲು, ಬೇಳೆಯ ಇಳುವರಿ ನೋಡಿ ಕೊಳ್ಳುವ ಮಿಲ್ಲಿನ ಮುಂದೆ ಸೋಲುತ್ತದೆ. ಕ್ವಿಂಟಲಿಗೆ ಇನ್ನೂರು ಕಡಿಮೆಗೆ ಸಿಕ್ಕ ಸಣ್ಣ ಕಾಳು, ಒಡೆದ ಮೇಲೆ ದುಬಾರಿ ಬಿದ್ದೀತು. 'ಇಷ್ಟು ಲಕ್ಷ ಹಾಕಿ ಮಷೀನ್ ತಂದೀವಿ, ಹೆಂಗ ನಿಲ್ಲಸೋದು' ಎಂದು ನಷ್ಟದಲ್ಲಿ ಮಿಲ್ಲು ಓಡಿಸುವವರು, ಹಾಕಿದ ಲಕ್ಷ ಓಡಿಸಿದರೂ ನಿಲ್ಲಿಸಿದರೂ ತಿರುಗಿ ಬರುವುದಿಲ್ಲ ಎಂಬುದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು.

ಹೆಜ್ಜೆ 5: ನೀವು ಮಾರುವವರಾದರೆ

ಗಿರಾಕಿ ನಿಮ್ಮ ಮಾಲನ್ನು ಒಂಟಿಯಾಗಿ ನೋಡುವುದಿಲ್ಲ, ಪಕ್ಕದಲ್ಲಿಟ್ಟದ್ದರ ಜತೆ ನೋಡುತ್ತಾನೆ. ಜ್ಯೂಸ್ ಅಂಗಡಿಯಲ್ಲಿ ಸಣ್ಣ ಗ್ಲಾಸ್ 30, ನಡುವಣದು 55, ದೊಡ್ಡದು 60 ಎಂದು ಬರೆದಿದ್ದರೆ ನಡುವಣದನ್ನು ಮಾರಲು ಬರೆದದ್ದಲ್ಲ. ದೊಡ್ಡದು ಅಗ್ಗ ಎಂದು ಕಾಣಿಸಲು ಬರೆದದ್ದು. ಹೀಗಾಗುತ್ತದೆ ಎಂಬುದನ್ನು 1982ರಲ್ಲಿ ಹ್ಯೂಬರ್, ಪೇನ್, ಪುಟೊ ಎಂಬ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದರು.

ಪಕ್ಕದಲ್ಲಿ ಇಡುವ ಈ ಉಪಾಯಕ್ಕೆ ಬೀದರ್‌ನಲ್ಲಿ ಒಳ್ಳೆಯ ಬಳಕೆಯಿದೆ. ಬಿದ್ರಿ ಹೂದಾನಿ ನೋಡಿದವರ ಕಣ್ಣಿಗೆ ಕಾಣುವುದು ಕಪ್ಪು ಮೈ, ಬೆಳ್ಳಿಯ ಗೆರೆ. "ಇಷ್ಟೇ ಬೆಳ್ಳಿಗೆ ಇಷ್ಟು ರೇಟಾ?" ಎಂದು ಕೇಳಿಬಿಡುತ್ತಾರೆ. ಸತು, ತಾಮ್ರ ಕರಗಿಸಿ ಎರಕ ಹೊಯ್ದದ್ದು, ಕೈಯಲ್ಲಿ ಚಿತ್ರ ಕೊರೆದದ್ದು, ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಿದ್ದು, ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಕಪ್ಪಾಗಿಸಿದ್ದು, ಇದಾವುದೂ ಸಿದ್ಧ ಹೂದಾನಿಯ ಮೇಲೆ ಕಾಣುವುದಿಲ್ಲ. ಅದಕ್ಕೆ ಪರಿಹಾರ ರಿಯಾಯಿತಿ ಕೊಡುವುದಲ್ಲ. ಎರಕದ ಹಂತದ್ದೊಂದು, ಅರ್ಧ ಕೊರೆದದ್ದೊಂದು, ಬೆಳ್ಳಿ ತುಂಬಿದ್ದೊಂದು, ಕೊನೆಗೆ ಸಿದ್ಧವಾದದ್ದೊಂದು ಸಾಲಾಗಿ ಇಡಿ. ಹೋಲಿಕೆ ಆಗ ಬೆಳ್ಳಿಯ ತೂಕದಿಂದ ಕೈಕೆಲಸದ ಕಡೆಗೆ ಹೊರಳುತ್ತದೆ. ಸುಳ್ಳು ಒಂದೂ ಇಲ್ಲ.

ಪಾಲಿಶ್ ಮಾಡದ ಬೇಳೆ ಮಾರುವವರೂ ಹೀಗೆಯೇ ಮಾಡಬಹುದು. ಮಬ್ಬು ಬಣ್ಣವನ್ನು ಮುಚ್ಚಿಡದೆ, ಪೊಟ್ಟಣದ ಮುಂಭಾಗದಲ್ಲೇ 'ಹೊಳಪು ಹಾಕಿಲ್ಲ, ಅದಕ್ಕೇ ಹೀಗಿದೆ' ಎಂದು ಬರೆಯಿರಿ. ಕಾರಣ ಗೊತ್ತಾದ ಮಬ್ಬು ದೋಷವಾಗಿ ಕಾಣುವುದಿಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆ ಗುರುತು ಬೇಳೆ ಎಲ್ಲಿಯದೆಂದು ಹೇಳುತ್ತದೆ. ಹೊಸದೋ ಹಳೆಯದೋ, ಪಾಲಿಶ್ ಆಗಿದೆಯೋ ಇಲ್ಲವೋ ಎಂಬುದನ್ನು ನೀವೇ ಬರೆಯಬೇಕು.

ಮಾರುಕಟ್ಟೆ ತರಬೇತಿಗಳಲ್ಲಿ ತಪ್ಪದೆ ಹೇಳುವ ಒಂದು ಕತೆಯಿದೆ: 24 ಬಗೆ ಜಾಮ್ ಇಟ್ಟಾಗ ನಿಂತವರಲ್ಲಿ ಶೇ 3 ಮಂದಿ ಕೊಂಡರು, 6 ಬಗೆ ಇಟ್ಟಾಗ ಶೇ 30. 2000ದಲ್ಲಿ ಪ್ರಕಟವಾದ ಈ ಪ್ರಯೋಗ ನಿಜ. ಆದರೆ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ನೋಡಿದಾಗ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಜಾಮಿನ ಕತೆ ಕೇಳಿ ಕಪಾಟು ಖಾಲಿ ಮಾಡಬೇಡಿ. ನಿಮ್ಮ ಅಂಗಡಿಯಲ್ಲಿ ಯಾವ ಬಗೆ ಎಷ್ಟು ಹೋಗುತ್ತದೆಂದು ಬಿಲ್ ಪುಸ್ತಕವೇ ಹೇಳುತ್ತದೆ.

ಎಲ್ಲಿ ನಿಲ್ಲಬೇಕು? ಆನ್‌ಲೈನ್ ಮಾರುವವರಿಗೆ ಕಾನೂನೇ ಗೆರೆ ಹಾಕಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು, ಅಂದರೆ ಗಿರಾಕಿಯ ದಾರಿ ತಪ್ಪಿಸುವ ಉಪಾಯಗಳನ್ನು, ಹೆಸರಿಸಿ ನಿಷೇಧಿಸಿತು. ಇಲ್ಲದ ತುರ್ತು ತೋರಿಸುವುದು, ಕೇಳದ ಸರಕನ್ನು ಬುಟ್ಟಿಗೆ ಸೇರಿಸುವುದು, ಬೇಡ ಅಂದವರನ್ನು ನಾಚಿಸುವುದು, ಕೊನೆಯಲ್ಲಿ ಶುಲ್ಕ ಹೊರತೆಗೆಯುವುದು ಎಲ್ಲ ಅದರಲ್ಲಿವೆ. ಕೊಳ್ಳುವವರು ಇಂಥದ್ದು ಕಂಡರೆ 1915ಕ್ಕೆ ಕರೆ ಮಾಡಬಹುದು.

ಹೆಜ್ಜೆ 6: ಮನೆಯಲ್ಲೋ ಪಾಲುದಾರರಲ್ಲೋ ಕೂತು ಮಾತಾಡುವಾಗ

"ಅಣ್ಣಾರು ಹೇಳ್ಯಾರ ಅಂದಮ್ಯಾಲ ಮುಗೀತು." ಇದು ಗೌರವ, ತಪ್ಪಲ್ಲ. ಆದರೆ ಹಿರಿಯರು ಮೊದಲು ಮಾತಾಡಿದರೆ ಉಳಿದ ನಾಲ್ವರ ತಲೆಯಲ್ಲಿದ್ದ ಅಂಕಿ ಅಲ್ಲೇ ಸಾಯುತ್ತದೆ. ಆದ್ದರಿಂದ ಮಾತು ಶುರುವಾಗುವ ಮುಂಚೆ ಎಲ್ಲರೂ ಚೀಟಿಯಲ್ಲಿ ತಮ್ಮ ತಮ್ಮ ಅಂಕಿ, ಒಂದು ಕಾರಣ ಬರೆದು ಅಣ್ಣನ ಕೈಗೇ ಕೊಡಲಿ. ಚೀಟಿ ಓದುವವರೂ ಅಣ್ಣನೇ, ಕೊನೆಯ ಮಾತೂ ಅಣ್ಣನದೇ. ಮರ್ಯಾದೆಗೆ ಕುಂದಿಲ್ಲ, ಮಾಹಿತಿಯೂ ಉಳಿಯಿತು.

ಹಣ ದೊಡ್ಡದಿದ್ದರೆ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದು ಜನಪ್ರಿಯಗೊಳಿಸಿದ ಕ್ರಮವನ್ನೂ ಸೇರಿಸಿ. 'ಒಂದು ವರ್ಷ ಆಯ್ತು, ಈ ಅಂಗಡಿ ಮುಚ್ಚಿ ಹೋಯ್ತು. ಯಾಕೆ?' ಎಂದು ಕೇಳಿ ಹತ್ತು ನಿಮಿಷ ಕೊಡಿ. 'ಏನಾದರೂ ತೊಂದರೆ ಆಗಬಹುದೇ?' ಎಂದರೆ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಆಗಿಹೋಗಿದೆ ಎಂದುಕೊಂಡರೆ ಬಾಯಿ ಬಿಡುತ್ತಾರೆ: ಉದ್ರಿ ವಸೂಲಾಗಲಿಲ್ಲ, ರಸ್ತೆ ಅಗೆದು ಆರು ತಿಂಗಳು ಗಿರಾಕಿ ಬರಲಿಲ್ಲ, ತಮ್ಮ ಬೆಂಗಳೂರಿಗೆ ಹೋದ. ನಮ್ಮ ಕಡೆ ಉದ್ರಿಯ ಮಾತು ಪ್ರತಿ ಸಲ ಬರುತ್ತದೆ. ಆದ್ದರಿಂದ ಉದ್ರಿಗೆ ಎಷ್ಟು ಮಿತಿ ಎಂಬುದನ್ನು ಅಂಗಡಿ ತೆರೆಯುವ ಮೊದಲೇ ಬರೆದಿಡಿ. ಬೀಗರು ಮೊದಲ ಚೀಲ ಎತ್ತಿದ ಮೇಲೆ ಮಿತಿ ಹಾಕುವುದು ಆಗದ ಕೆಲಸ.

ಹೆಜ್ಜೆ 7: ಒಂದು ನೋಟ್‌ಬುಕ್

ತಾರೀಖು, ಏನು ನಿರ್ಧರಿಸಿದೆ, ಯಾವ ಭಾವ ನಿರೀಕ್ಷಿಸಿದೆ, ಎಷ್ಟು ಭರವಸೆ ಇತ್ತು (ಹತ್ತಕ್ಕೆ ಎಷ್ಟು), ಯಾವ ಮಾಹಿತಿ ಕೈಯಲ್ಲಿತ್ತು. ಐದು ಸಾಲು ಸಾಕು. ಬರೆಯದಿದ್ದರೆ ಭಾವ ಏರಿದಾಗ 'ನನಗ ಮೊದಲೇ ಗೊತ್ತಿತ್ತು' ಎಂದು ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ.

ಮುಂದಿನ ಸುಗ್ಗಿಗೆ ಮುಂಚೆ ತೆರೆದು ನೋಡುವಾಗ ಎರಡು ಕಾಲಂ ಇರಲಿ: ನಿರ್ಧಾರ ಹೇಗಿತ್ತು, ಫಲ ಹೇಗಾಯಿತು. ಲೆಕ್ಕ ಮಾಡಿ ಸುಗ್ಗಿಯಲ್ಲಿ ಅರ್ಧ ಮಾರಿದಿರಿ, ಆಮೇಲೆ ಆಮದು ನೀತಿ ಬದಲಾಗಿ ಭಾವ ಏರಿತು ಎನ್ನೋಣ. ಎರಡನೇ ಕಾಲಂ ಕೆಂಪು, ಮೊದಲನೆಯದು ಹಸಿರೇ. ಯಾವ ಲೆಕ್ಕವೂ ಇಲ್ಲದೆ ತಡೆದಿಟ್ಟು ಗೆದ್ದ ವರ್ಷಕ್ಕೆ ಮೊದಲ ಕಾಲಂನಲ್ಲಿ ಕೆಂಪು ಹಾಕಿ. ಭರವಸೆ ಹತ್ತಕ್ಕೆ ಒಂಬತ್ತು ಎಂದು ಬರೆದವುಗಳಲ್ಲಿ ಅರ್ಧಕ್ಕರ್ಧ ತಪ್ಪಿದ್ದರೆ, ಮುಂದಿನ ವರ್ಷ ಒಂಬತ್ತು ಬರೆಯುವಾಗಲೆಲ್ಲ ಅದನ್ನು ಐದು ಎಂದು ಓದಿಕೊಂಡು ತಡೆದಿಡುವ ಚೀಲಗಳನ್ನೂ ಅಷ್ಟೇ ಇಳಿಸಿ.